ಫೋಟೋ ಮೇಲೊಂದು ಕೂದಲು

ಹೆಡ್‌ಮಿಸ್ ಫೋಟೋವನ್ನು ಮೂಗಿನ ಹತ್ತಿರ ಹಿಡಿದು ಉಫ್ ಅಂತ ಊದಿದರು.

ಏನೂ ಹಾರಲಿಲ್ಲ. ಇನ್ನೊಮ್ಮೆ ಜೋರಾಗಿ ಊದಿದರು. ಮೇಜಿನ ಮೇಲಿದ್ದ ಸೀಮೆಸುಣ್ಣದ ಪುಡಿ ಎದ್ದು ಪಕ್ಕದಲ್ಲಿ ನಿಂತಿದ್ದ ಸೈನ್ಸ್ ಸರ್ ಕನ್ನಡಕದ ಮೇಲೆ ಕೂತಿತು. ಫೋಟೋದಲ್ಲಿದ್ದ ಗೆರೆ ಮಾತ್ರ ಇದ್ದಲ್ಲೇ ಇತ್ತು. ಕೊನೆಗೆ ಹೆಡ್‌ಮಿಸ್ ಅದನ್ನು ಉಗುರಿನಿಂದ ಕೆರೆಯತೊಡಗಿದರು.

"ಫೋಟೋ ಮೇಲೆ ಕೂದಲು ಅಂಟಿಕೊಂಡಿದೆಯಲ್ಲಮ್ಮ," ಅಂದರು. "ನಿಮ್ಮನೇಲಿ ಪಾರ್ಲರ್ ಇದೆ ಅಲ್ವಾ, ಅದಕ್ಕೇ ಇರಬೇಕು."

ಐದನೇ ಕ್ಲಾಸಿಗೆ ಕ್ಲಾಸೇ ಕಿಸಕ್ಕೆಂದು ನಕ್ಕಿತು.

ಅದು ಕೂದಲಲ್ಲ, ಗ್ಯಾಲಕ್ಸಿ ಅಂತ ಹೇಳಲು ಬುಗುರಿ ಬಾಯಿ ತೆರೆದಳು. ಒಂದು ನಿಮಿಷ ನಿಂತಲ್ಲಿ ನಿಲ್ಲದೆ ಗಿರಗಿರ ತಿರುಗುತ್ತಾಳೆ ಅಂತ ಮನೆಯವರು ಅವಳಿಗೆ ಇಟ್ಟ ಹೆಸರು ಅದು. ಸ್ಕೂಲಿಗೂ ಆ ಹೆಸರೇ ಬಂದುಬಿಟ್ಟಿತ್ತು. ಆದರೆ ಆವತ್ತು ಬುಗುರಿ ಕಂಬದ ಹಾಗೆ ನಿಂತಳು. ಬಾಯಿಂದ "ಅದೂ... ಮಿಸ್..." ಅನ್ನೋದರ ಮುಂದೆ ಒಂದಕ್ಷರವೂ ಬರಲಿಲ್ಲ.

ನಾಳೆ ಸೈನ್ಸ್ ಎಕ್ಸಿಬಿಷನ್. ಬೆಳಿಗ್ಗೆ ಕ್ಲೀನಾಗಿರೋ ಪ್ರಿಂಟ್ ತಂದುಕೊಡಬೇಕು, ಇಲ್ಲದಿದ್ದರೆ ಆ ಜಾಗದಲ್ಲಿ ಹಲ್ಲಿನ ಚಾರ್ಟ್ ಹಾಕಿಸ್ತೀನಿ ಅಂತ ಹೇಳಿ ಹೆಡ್‌ಮಿಸ್ ಹೊರಟುಹೋದರು. ಊಟದ ಬೆಲ್ ಹೊಡೆಯುವಷ್ಟರಲ್ಲಿ ಬುಗುರಿಯ ಗ್ಯಾಲಕ್ಸಿಗೆ ಹೊಸ ಹೆಸರು ಬಂದಿತ್ತು. ಕೂದಲಕ್ಸಿ.

ಸಂಜೆ ಇದನ್ನೆಲ್ಲ ಕೇಳಿ ಅಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಕನ್ನಡಕ ತೆಗೆದು ಕಣ್ಣು ಒರೆಸಿಕೊಂಡರು. ಆಮೇಲೆ ಬುಗುರಿಯ ಮುಖ ನೋಡಿ ನಗು ನಿಲ್ಲಿಸಿದರು.

ಅಪ್ಪನದು ಕನ್ನಡಕದ ಅಂಗಡಿ. ಇಡೀ ಬೀದಿಯ ಕಣ್ಣುಗಳಿಗೆ ಗಾಜು ಕೂರಿಸುವ ಅಪ್ಪ, ಸಂಜೆ ಅಂಗಡಿ ಮುಚ್ಚಿ ಬಂದಮೇಲೆ ಹಿತ್ತಲಲ್ಲಿ ಟೆಲಿಸ್ಕೋಪ್ ನಿಲ್ಲಿಸಿ ಆಕಾಶಕ್ಕೆ ಕಣ್ಣು ಕೀಲಿಸುತ್ತಿದ್ದರು. ಅದರ ಹಿಂಭಾಗಕ್ಕೆ ಒಂದು ಕ್ಯಾಮೆರಾ. ಕೆಳಗೊಂದು ಪುಟ್ಟ ಮೋಟರು. ಆಕಾಶ ಸರಿದ ಹಾಗೆ ಟೆಲಿಸ್ಕೋಪನ್ನೂ ಮೆಲ್ಲಗೆ ಸರಿಸುವುದು ಅದರ ಕೆಲಸ.

ಅದರಿಂದಲೇ ಬುಗುರಿ ತೆಗೆದಿದ್ದ ಫೋಟೋದಲ್ಲಿ ಬೆಳಕು ಸಾಕಾಗಿಲ್ಲ, ಅದಕ್ಕೇ ಗ್ಯಾಲಕ್ಸಿ ಅಷ್ಟು ಸಣಕಲಾಗಿ ಬಂದಿದೆ ಅಂತ ಅಪ್ಪ ಹೇಳಿದರು. ಕ್ಯಾಮೆರಾ ಕೆಲವು ನಿಮಿಷ ಕಣ್ಣು ತೆರೆದು ಕೂತರೆ ಒಂದು ಫೋಟೋಗೆ ಒಂದು ಚಿಟಿಕೆ ಬೆಳಕು ಸಿಗುತ್ತದೆ. ಹಾಗೆ ತುಂಬಾ ಫೋಟೋ ತೆಗೆದು ಎಲ್ಲವನ್ನೂ ಕಂಪ್ಯೂಟರಿನಲ್ಲಿ ಕೂಡಿಸಿದರೆ ಗ್ಯಾಲಕ್ಸಿ ಮೈಕೈ ತುಂಬಿಕೊಳ್ಳುತ್ತದೆ. ಇವತ್ತು ಚಂದ್ರ ಇಲ್ಲ, ಮೋಡವೂ ಇಲ್ಲ.

"ಕೂದಲು ಅನ್ನೋಕೆ ಯಾರಿಗೂ ಬಾಯಿ ಬರಬಾರದು, ಹಾಗೆ ದಪ್ಪ ಮಾಡೋಣ," ಅಂದರು.

ಕತ್ತಲಾಗುತ್ತಿದ್ದಂತೆ ಕೆಲಸ ಶುರುವಾಯಿತು. ಆದರೆ ಆವತ್ತು ಚಳಿ ಬೇಗ ಇಳಿಯಿತು. ಎರಡು ಮೂರು ಫೋಟೋ ಆಗುವುದರೊಳಗೆ ಟೆಲಿಸ್ಕೋಪಿನ ಮುಂದಿನ ಗಾಜಿನ ಮೇಲೆ ಮಂಜು ಕೂತುಬಿಟ್ಟಿತು. ಬಟ್ಟೆಯಲ್ಲಿ ಒರೆಸಿದರೆ ಗಾಜಿಗೆ ಗೀರು ಬೀಳುತ್ತದೆ. ಅದಕ್ಕೆ ಬೇಕಾದದ್ದು ಬಿಸಿ ಗಾಳಿ.

ಬಿಸಿ ಗಾಳಿ ಮನೆಯಲ್ಲಿ ಒಂದೇ ಕಡೆ ಇತ್ತು. ಮುಂದಿನ ರೂಮಿನ ಪಾರ್ಲರ್‌ನಲ್ಲಿ, ಅಮ್ಮನ ಹೇರ್ ಡ್ರೈಯರ್‌ನಲ್ಲಿ.

ಅಪ್ಪ ಮತ್ತು ಬುಗುರಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಹೋದ ತಿಂಗಳು ಹೀಗೇ ಕದ್ದು ತಂದಿದ್ದ ಡ್ರೈಯರ್‌ನೊಳಗೆ ಹಿತ್ತಲಿನ ಮಿಡತೆಯೊಂದು ಹೊಕ್ಕು ಕೂತಿತ್ತು. ಮಾರನೇ ದಿನ ಅಮ್ಮ ಸ್ವಿಚ್ ಒತ್ತಿದಾಗ ಅದು ಹಾರಿಬಂದು ಬ್ಯಾಂಕ್ ಮ್ಯಾನೇಜರ್ ತಲೆ ಮೇಲೆ ಇಳಿದಿತ್ತು. ಆ ಮ್ಯಾನೇಜರಮ್ಮ ಮತ್ತೆ ಪಾರ್ಲರ್ ಕಡೆ ತಲೆ ಹಾಕಿರಲಿಲ್ಲ. ಡ್ರೈಯರ್ ಇನ್ನೊಂದು ಸಲ ಹೊಸಿಲು ದಾಟಿದರೆ ಟೆಲಿಸ್ಕೋಪ್ ಗುಜರಿಗೆ ಹೋಗುತ್ತದೆ ಅಂತ ಅಮ್ಮ ಆವತ್ತೇ ಹೇಳಿದ್ದರು.

ಆದರೂ ಬುಗುರಿ ಬೆಕ್ಕಿನ ಹೆಜ್ಜೆ ಇಟ್ಟುಕೊಂಡು ಒಳಗೆ ಹೋದಳು. ಅಮ್ಮ ಮೂಲೆಯ ಬೇಸಿನ್ನಿನಲ್ಲಿ ಯಾರದೋ ತಲೆ ತೊಳೆಯುತ್ತಿದ್ದರು. ಆ ಕಸ್ಟಮರ್ ಮುಖದ ಮೇಲೆ ಟವೆಲ್ ಹಾಕಿಕೊಂಡು ಹಿಂದಕ್ಕೆ ಒರಗಿದ್ದರು. ಬುಗುರಿ ಡ್ರೈಯರನ್ನು ಎತ್ತಿ ಫ್ರಾಕಿನೊಳಗೆ ಸೇರಿಸಿಕೊಂಡು ಹಿತ್ತಲಿಗೆ ಓಡಿದಳು.

ಸ್ವಲ್ಪ ಹೊತ್ತಿಗೆ ಅಮ್ಮ ಕೂಗಿದರು. ಬುಗುರಿ ಏನೂ ಗೊತ್ತಿಲ್ಲದವಳ ಹಾಗೆ ಬಂದು ಪಾರ್ಲರ್ ಬಾಗಿಲಲ್ಲಿ ಇಣುಕಿದಳು. ಕಸ್ಟಮರ್ ಮುಖದ ಮೇಲಿನ ಟವೆಲ್ ಈಗ ತೆಗೆದಿತ್ತು.

ಹೆಡ್‌ಮಿಸ್.

ಬುಗುರಿ ಬಾಗಿಲ ಚೌಕಟ್ಟು ಹಿಡಿದುಕೊಂಡಳು. ಹೆಡ್‌ಮಿಸ್ ಕೂದಲು ಯಾವಾಗಲೂ ಕ್ರಿಕೆಟ್ ಬಾಲಿನಂಥ ಗಟ್ಟಿ ಗಂಟು. ಅದನ್ನು ಬಿಚ್ಚಬಹುದು ಅಂತಲೇ ಅವಳಿಗೆ ಗೊತ್ತಿರಲಿಲ್ಲ. ಈಗ ಅದು ಸೊಂಟದವರೆಗೆ ಇಳಿದು ನೆಲದ ಮೇಲೆ ತೊಟಕ್ ತೊಟಕ್ ಅಂತ ನೀರು ಸುರಿಸುತ್ತಿತ್ತು. ನಾಳೆ ಎಕ್ಸಿಬಿಷನ್‌ಗೆ ದೊಡ್ಡ ದೊಡ್ಡ ಗೆಸ್ಟುಗಳು ಬರ್ತಾರೆ, ಅದಕ್ಕೇ ತಲೆ ಚೆನ್ನಾಗಿ ಸೆಟ್ ಮಾಡಿಸಿಕೊಳ್ಳೋಣ ಅಂತ ಬಂದೆ ಅಂತ ಅವರೇ ಹೇಳಿದರು.

ಅಮ್ಮ ಡ್ರೈಯರ್ ಕೇಳಿದರು. ಹುಡುಕ್ತೀನಿ ಅಂತ ಹೇಳಿ ಬುಗುರಿ ಹಿತ್ತಲಿಗೆ ಓಡಿದಳು. ಕ್ಯಾಮೆರಾ ಇನ್ನೂ ಕಣ್ಣು ತೆರೆದುಕೊಂಡಿದೆ, ಮುಚ್ಚಿದ ಕೂಡಲೇ ಗಾಜಿಗೆ ಇನ್ನೊಂದು ಸಲ ಗಾಳಿ ಬಿಡಬೇಕು, ಹೇಗಾದರೂ ಸಂಭಾಳಿಸು ಅಂತ ಅಪ್ಪ ಪಿಸುಗುಟ್ಟಿದರು. ಬುಗುರಿ ವಾಪಸ್ ಓಡಿಬಂದು ಎಲ್ಲೂ ಸಿಗಲಿಲ್ಲ ಅಂದಳು.

ಅಮ್ಮ ಡ್ರಾಯರ್ ಎಲ್ಲ ಎಳೆದು ನೋಡಿದರು. ಕುರ್ಚಿ ಕೆಳಗೆ ಬಗ್ಗಿ ನೋಡಿದರು. ತಲೆ ಕೆಟ್ಟು ಫ್ರಿಜ್ಜೂ ತೆರೆದು ನೋಡಿದರು. ಡ್ರೈಯರ್ ಸಿಗಲಿಲ್ಲ, ವಾರದಿಂದ ಕಾಣೆಯಾಗಿದ್ದ ಕತ್ತರಿ ಸಿಕ್ಕಿತು. ಅಷ್ಟರಲ್ಲಿ ಮಿಸ್‌ಗೆ ಗಾಳಿ ಬೀಸುತ್ತಿರು ಅಂತ ಬುಗುರಿಯ ಕೈಗೆ ಎಕ್ಸಾಂ ಪ್ಯಾಡ್ ಕೊಟ್ಟರು.

ಬುಗುರಿ ಬೀಸಿದಳು. ಹೆಡ್‌ಮಿಸ್ ಹಲ್ಲು ಕಟಕಟ ಅಂದಿತು.

"ಫೋಟೋ ಕ್ಲೀನ್ ಆಯ್ತಾ?" ಅಂತ ಕೂದಲಿನ ಪರದೆಯ ಹಿಂದಿನಿಂದ ಪ್ರಶ್ನೆ ಬಂತು.

"ಆಗ್ತಾ ಇದೆ ಮಿಸ್," ಅಂದಳು ಬುಗುರಿ.

ಸರಿಯಾಗಿ ಆಗಲೇ ಹಿತ್ತಲಿನಿಂದ ಗುಂಯ್ ಅನ್ನುವ ಸದ್ದು ಬಂತು.

ಅಮ್ಮ ಫ್ರಿಜ್ಜಿನ ಬಾಗಿಲು ಮುಚ್ಚಿದರು. ಆ ಸದ್ದು ಅವರಿಗೆ ನಿದ್ದೆಯಲ್ಲೂ ಗೊತ್ತಾಗುತ್ತಿತ್ತು. ಬುಗುರಿಯನ್ನು ನೋಡಿದರು. ಬುಗುರಿ ಎಕ್ಸಾಂ ಪ್ಯಾಡಿನ ಹಿಂದೆ ಮುಖ ಮುಚ್ಚಿಕೊಂಡಳು.

ಮುಂದೆ ಅಮ್ಮ, ಹಿಂದೆ ತಲೆಯಿಂದ ನೀರಿಳಿಸಿಕೊಂಡು ಹೆಡ್‌ಮಿಸ್, ಅವರ ಹಿಂದೆ ಬುಗುರಿ, ಹೀಗೆ ಮೂರೂ ಜನ ಹಿತ್ತಲಿಗೆ ಇಳಿದರು.

ಅಲ್ಲಿ ಅಪ್ಪ ಟೆಲಿಸ್ಕೋಪಿನ ಕುತ್ತಿಗೆಗೆ ಪಾರ್ಲರಿನ ಗುಲಾಬಿ ಟವೆಲ್ ಸುತ್ತಿದ್ದರು. ಒಂದು ಕೈಯಲ್ಲಿ ಡ್ರೈಯರ್ ಹಿಡಿದು, ಇನ್ನೊಂದು ಕೈಯಿಂದ ಟೆಲಿಸ್ಕೋಪಿನ ಬೆನ್ನು ಸವರುತ್ತಾ, "ಆಯ್ತು ಆಯ್ತು, ಆಗೇಹೋಯ್ತು" ಅಂತ ಸಮಾಧಾನ ಹೇಳುತ್ತಿದ್ದರು.

ಅಮ್ಮ ಸೊಂಟದ ಮೇಲೆ ಕೈಯಿಟ್ಟು ನಿಂತರು. "ಈ ಕಸ್ಟಮರ್‌ಗೆ ಬರೀ ಡ್ರೈ ಸಾಕಾ, ಫೇಶಿಯಲ್ಲೂ ಬೇಕಾ?"

ಅಪ್ಪ ಡ್ರೈಯರನ್ನು ಬೆನ್ನ ಹಿಂದೆ ಅಡಗಿಸಿದರು. ಅದು ಆಗಲೂ ಗುಂಯ್ ಅನ್ನುತ್ತಲೇ ಇದ್ದುದರಿಂದ ಅವರ ಅಂಗಿ ಬಲೂನಿನಂತೆ ಉಬ್ಬಿತು. ಅದೇ ಅವಸ್ಥೆಯಲ್ಲಿ ಅವರು ಮಂಜಿನ ಕತೆ ಹೇಳಿದರು. ಕೋಟಿಗಟ್ಟಲೆ ವರ್ಷ ದಾರಿ ನಡೆದು ನಮ್ಮ ಹಿತ್ತಲಿನವರೆಗೆ ಬಂದ ಬೆಳಕಿಗೆ ಕೊನೇ ಗಳಿಗೆಯಲ್ಲಿ ಒಂದು ಹನಿ ನೀರು ಅಡ್ಡ ನಿಂತರೆ ಎಷ್ಟು ಬೇಜಾರಾಗಬೇಡ ಅಂತ ಕೇಳಿದರು. ಇಲ್ಲಿ ಮಿಸ್‌ಗೆ ನೆಗಡಿ ಬರ್ತಾ ಇದೆ, ಅದಕ್ಕೇನು ಹೇಳ್ತೀರಿ ಅಂತ ಅಮ್ಮ ಕೇಳಿದರು. ಡ್ರೈಯರನ್ನು ಅಮ್ಮ ಒಂದು ಕಡೆಯಿಂದ ಎಳೆದರು, ಅಪ್ಪ ಇನ್ನೊಂದು ಕಡೆಯಿಂದ.

"ಬಿಡಿ ಇಬ್ಬರೂ," ಅಂದರು ಹೆಡ್‌ಮಿಸ್.

ಇಬ್ಬರೂ ಬಿಟ್ಟರು. ಡ್ರೈಯರ್ ಬುಗುರಿಯ ಕೈಗೆ ಬಿತ್ತು.

ಸ್ಕೂಲಿನ ನಲ್ಲಿ ಮುಂದೆ ಜಗಳವಾದಾಗ ಹೇಳುವ ಹಾಗೆಯೇ ಹೆಡ್‌ಮಿಸ್ ತೀರ್ಪು ಕೊಟ್ಟರು. ಸರದಿ ಪ್ರಕಾರ. ಕ್ಯಾಮೆರಾ ಕಣ್ಣು ತೆರೆದಿರುವಾಗ ಗಾಳಿ ತನ್ನ ತಲೆಗೆ. ಕಣ್ಣು ಮುಚ್ಚಿದಾಗ ಗಾಜಿಗೆ. ಟೈಮ್ ನೋಡಿಕೊಳ್ಳುವ ಕೆಲಸ ಬುಗುರಿಗೆ.

ಟೆಲಿಸ್ಕೋಪಿನಿಂದ ಸ್ವಲ್ಪ ದೂರಕ್ಕೆ ಸ್ಟೂಲ್ ಬಂತು. ದೀಪ ಹಚ್ಚುವಂತಿರಲಿಲ್ಲ. ಅಮ್ಮ ಕತ್ತಲಲ್ಲೇ ತಡವಿ ತಡವಿ ಬಾಚಿದರು. ಒಂದು ಸಲ ಅರ್ಧ ಬಾಚಿದ ಮೇಲೆ, ಇದೇನು ಮಿಸ್ ಕೂದಲು ಇಷ್ಟು ಗಿಡ್ಡ ಆಯ್ತು ಅಂತ ಗಾಬರಿಯಾದರು. ಅದು ವೈರ್ ಹುಡುಕಲು ಬಗ್ಗಿದ್ದ ಅಪ್ಪನ ತಲೆ.

"ಈಗ ಗಾಜಿಗೆ," ಅನ್ನುವಳು ಬುಗುರಿ. "ಈಗ ಮಿಸ್‌ಗೆ. ಮಿಸ್, ಅಲ್ಲಾಡಬೇಡಿ."

ಹಾಗಂದಮೇಲೆ ತಾನು ಯಾರಿಗೆ ಹೇಳಿದೆ ಅಂತ ಅವಳಿಗೆ ಹೊಳೆದು ನಾಲಿಗೆ ಕಚ್ಚಿಕೊಂಡಳು. ಆದರೆ ಕತ್ತಲಿಂದ "ಆಯ್ತು" ಅಂತ ಮಾತ್ರ ಕೇಳಿಸಿತು.

ಒಂದೇ ಒಂದು ಎಡವಟ್ಟಾಯಿತು. ಕ್ಯಾಮೆರಾ ಏನು ನೋಡುತ್ತಿದೆ ಅಂತ ನೋಡಲು ಹೆಡ್‌ಮಿಸ್ ಎದ್ದು ಹತ್ತಿರ ಬಂದರು. ಬಂದವರು ಅಲ್ಲೇ ಸೀನಿದರು. ಎಂಥ ಸೀನು ಅಂದರೆ, ಅವರ ಮೊಣಕಾಲು ಸ್ಟ್ಯಾಂಡಿಗೆ ಬಡಿದು ಟೆಲಿಸ್ಕೋಪ್ ತಲೆಯಾಡಿಸಿತು. ಆ ಫೋಟೋದಲ್ಲಿ ನಕ್ಷತ್ರಗಳೆಲ್ಲ ಎರೆಹುಳಗಳಾಗಿ ಬಂದವು.

"ನನ್ನಿಂದ ಹಾಳಾಯ್ತಾ?" ಅಂತ ಹೆಡ್‌ಮಿಸ್ ಕೇಳಿದರು. ಆ ದನಿಯನ್ನು ಬುಗುರಿ ಸ್ಕೂಲಿನಲ್ಲಿ ಎಂದೂ ಕೇಳಿರಲಿಲ್ಲ.

"ಪರವಾಗಿಲ್ಲ ಮಿಸ್, ಇದೊಂದನ್ನ ಎಸೆದುಬಿಡ್ತೀವಿ," ಅಂದಳು. "ಬೇರೆವು ಇವೆಯಲ್ಲ."

ಆಮೇಲೆ ಅಪ್ಪ ಬೆಳಕು ಕಣ್ಣಿಗೆ ಹೊಡೆಯದಿರಲಿ ಅಂತ ಪರದೆಗೆ ಕೆಂಪು ಜಿಲೇಟಿನ್ ಹಾಳೆ ಅಂಟಿಸಿದ್ದ ಲ್ಯಾಪ್‌ಟಾಪನ್ನು ತೆರೆದರು. ಮೊದಲು ಒಂದು ಫೋಟೋ ಬಂತು. ಮಬ್ಬು ಮಬ್ಬು ಪರದೆ, ನಡುವೆ ಸಣ್ಣದೊಂದು ಗೆರೆ. ಹೆಡ್‌ಮಿಸ್ ಬೆರಳು ತಾನಾಗಿ ಮೇಲೆದ್ದಿತು, ಉಗುರು ಪರದೆಯ ಹತ್ತಿರ ಹೋಗಿ ನಿಂತಿತು.

"ಇದು ಬೆಳಿಗ್ಗೆಯ ಕೂದಲಲ್ವಾ?" ಅಂದರು ಮೆಲ್ಲಗೆ.

ಅಪ್ಪ ಎರಡನೇ ಫೋಟೋ ಕೂಡಿಸಿದರು, ಮೂರನೆಯದು, ಆಮೇಲೆ ಉಳಿದ ಎಲ್ಲವನ್ನೂ. ಗೆರೆ ಹೊಳೆಯಿತು. ನಡುವೆ ಉಬ್ಬಿತು, ಎರಡೂ ತುದಿಯಲ್ಲಿ ಚೂಪಾಯಿತು. ಆ ಹೊಳಪನ್ನು ಉದ್ದಕ್ಕೆ ಸೀಳಿಕೊಂಡು ಒಂದು ಕಪ್ಪು ಪಟ್ಟಿ ಎದ್ದು ಕಂಡಿತು.

ಇದು ಹೀಗೇಕೆ ಗೆರೆಯಂತಿದೆ, ಪುಸ್ತಕದಲ್ಲಿ ಗ್ಯಾಲಕ್ಸಿ ಗುಂಡಗಿರುತ್ತದಲ್ಲ ಅಂತ ಹೆಡ್‌ಮಿಸ್ ಕೇಳಿದರು. ಕೇಳಿದ್ದು ಅಪ್ಪನನ್ನಲ್ಲ, ಬುಗುರಿಯನ್ನು.

ಬುಗುರಿ ಒಳಗೆ ಓಡಿ ಪಾರ್ಲರಿನ ಕೈಗನ್ನಡಿ ತಂದಳು. ಲ್ಯಾಪ್‌ಟಾಪಿನ ಕೆಂಪು ಬೆಳಕಿಗೆ ಅದನ್ನು ನೇರ ಹಿಡಿದಳು. ಗುಂಡಗೆ ಕಂಡಿತು. ಮೆಲ್ಲಗೆ ಅಂಚು ಮುಂದೆ ಬರುವಂತೆ ತಿರುಗಿಸಿದಳು. ಬರೀ ಗೆರೆ.

"ಇದನ್ನ ನಾವು ಪಕ್ಕದಿಂದ ನೋಡ್ತಾ ಇದ್ದೀವಿ ಮಿಸ್. ಆ ಕಪ್ಪು ಪಟ್ಟಿ ಅದರೊಳಗಿನ ಧೂಳು. ಅಲ್ಲಿಂದ ಹೊರಟ ಬೆಳಕು ಇಲ್ಲಿಗೆ ಬರೋಕೆ ಸುಮಾರು ಮೂರು ಕೋಟಿ ವರ್ಷ ಬೇಕು."

ಹೆಡ್‌ಮಿಸ್ ಕನ್ನಡಿಯನ್ನು ತಾವೇ ಇಸಿದುಕೊಂಡು ತಿರುಗಿಸಿ ತಿರುಗಿಸಿ ನೋಡಿದರು. ತಾನು ಓದಿದ್ದೆಲ್ಲ ಭಾಷೆ, ವ್ಯಾಕರಣ, ನಾಳೆ ಯಾರಾದರೂ ಕೇಳಿದರೆ ಹೇಳೋಕೆ ಬರಬೇಕಲ್ಲ ಅಂದರು. ಬುಗುರಿ ಹೇಳಿದ್ದನ್ನು ಬಾಯಲ್ಲಿ ಎರಡು ಸಲ ಹೇಳಿಕೊಂಡರು. ಒಂದು ಸಲ ಮೂರು ಲಕ್ಷ ಅಂದರು. ಬುಗುರಿ ತಿದ್ದಿದಳು.

ಬೆಳಿಗ್ಗೆ ಪ್ರಿಂಟ್ ಗೋಡೆಗೇರಿತು. ಹಲ್ಲಿನ ಚಾರ್ಟ್ ಮೆಟ್ಟಿಲ ಕೆಳಗೆ ಹೋಯಿತು. ಕೂದಲಕ್ಸಿ ಎಲ್ಲಿ ಅಂತ ಬಂದ ಹುಡುಗರು ಅದರ ಮುಂದೆ ಒಂದು ಗಳಿಗೆ ನಿಂತು, ಆಮೇಲೆ ಪಕ್ಕದ ಜ್ವಾಲಾಮುಖಿ ಉಕ್ಕುವುದನ್ನು ನೋಡಲು ಓಡಿದರು. ಹೆಡ್‌ಮಿಸ್ ಕೂದಲು ಮಾತ್ರ ಒಂದು ಕಡೆ ನುಣ್ಣಗೆ ಕೂತು, ಇನ್ನೊಂದು ಕಡೆ ಹತ್ತಿಯ ಹಾಗೆ ಉಬ್ಬಿತ್ತು. ಐದನೇ ಕ್ಲಾಸಿನವರು ಅದನ್ನು ಒಬ್ಬರಿಗೊಬ್ಬರು ಮೊಣಕೈಯಿಂದ ತಿವಿದು ತೋರಿಸಿಕೊಂಡರು.

ಹನ್ನೊಂದು ಗಂಟೆಗೆ ಗೆಸ್ಟುಗಳು ಬಂದರು. ಕೋಟು ಹಾಕಿಕೊಂಡಿದ್ದ ಹಿರಿಯರೊಬ್ಬರು ಬುಗುರಿಯ ಫೋಟೋ ಮುಂದೆ ನಿಂತು, ಇದೇನು ಅಂತ ಹೆಡ್‌ಮಿಸ್‌ರನ್ನೇ ಕೇಳಿದರು. ಅವರ ಸುತ್ತ ಟೀಚರುಗಳು, ಅಪ್ಪ ಅಮ್ಮಂದಿರು, ಕ್ಲಾಸಿನ ಹುಡುಗರು.

ಹೆಡ್‌ಮಿಸ್ ಪ್ರಾರ್ಥನೆಯ ಹೊತ್ತಿನ ಗಟ್ಟಿ ದನಿಯಲ್ಲಿ ಶುರು ಮಾಡಿದರು. ಇದೊಂದು ಗ್ಯಾಲಕ್ಸಿ, ನಾವು ಇದನ್ನು ಪಕ್ಕದಿಂದ ನೋಡುತ್ತಿದ್ದೇವೆ, ಈ ಕಪ್ಪು ಪಟ್ಟಿ ಇದೆಯಲ್ಲ, ಇದು ಧೂಳು.

"ಎಷ್ಟು ದೂರ ಇದೆ ಇದು?" ಅಂತ ಕೋಟಿನವರು ಕೇಳಿದರು.

"ಬೆಳಕಿಗೆ ಅಲ್ಲಿಂದ ಇಲ್ಲಿಗೆ ಬರೋಕೆ..." ಅಂದರು ಹೆಡ್‌ಮಿಸ್. ನಿಂತರು. "ಬರೋಕೆ..."

ಎಲ್ಲರೂ ಕಾಯುತ್ತಿದ್ದರು. ಹೆಡ್‌ಮಿಸ್ ಕಣ್ಣು ಫೋಟೋ ಕಡೆ ಹೋಯಿತು, ಗೋಡೆ ಕಡೆ ಹೋಯಿತು. ಬಾಯಿ ಅರ್ಧ ತೆರೆದೇ ಇತ್ತು. ಹಾಗೆ ನಿಂತಾಗ ಒಳಗೆ ಏನಾಗುತ್ತಿರುತ್ತದೆ ಅಂತ ಬುಗುರಿಗೆ ಚೆನ್ನಾಗಿ ಗೊತ್ತಿತ್ತು. ಇವರಿಗೂ ಹಾಗಾಗುತ್ತದೆ ಅಂತ ಮಾತ್ರ ಈಗ ಗೊತ್ತಾಯಿತು.

ಆ ಸ್ಕೂಲಿನಲ್ಲಿ ಪಕ್ಕದವರಿಗೆ ಉತ್ತರ ಹೇಳಿಕೊಟ್ಟರೆ ಕ್ಲಾಸಿನ ಹೊರಗೆ ನಿಲ್ಲಿಸುತ್ತಿದ್ದರು. ಆ ರೂಲ್ಸ್ ಮಾಡಿದವರೂ ಹೆಡ್‌ಮಿಸ್ಸೇ.

ಬುಗುರಿ ಒಂದು ಹೆಜ್ಜೆ ಹತ್ತಿರ ಸರಿದಳು. ಮುಖವನ್ನು ಜ್ವಾಲಾಮುಖಿ ಕಡೆ ತಿರುಗಿಸಿಕೊಂಡು, ತುಟಿ ಅಲ್ಲಾಡಿಸದೆ, "ಮೂರು ಕೋಟಿ ವರ್ಷ," ಅಂದಳು.

"ಮೂರು ಕೋಟಿ ವರ್ಷ," ಅಂದರು ಹೆಡ್‌ಮಿಸ್, ಹಾಲ್ ತುಂಬಾ ಕೇಳಿಸುವ ಹಾಗೆ.

ಕೋಟಿನವರು ಹುಬ್ಬೇರಿಸಿದರು. ಯಾರೋ ಚಪ್ಪಾಳೆ ತಟ್ಟಿದರು. ಬುಗುರಿ ಜ್ವಾಲಾಮುಖಿಯಿಂದ ಉಕ್ಕುತ್ತಿದ್ದ ಸೋಪಿನ ನೊರೆಯನ್ನು, ಅದನ್ನು ಎಂದೂ ನೋಡೇ ಇಲ್ಲವೇನೋ ಅನ್ನುವಂತೆ, ತುಂಬಾ ಹೊತ್ತು ನೋಡುತ್ತಾ ನಿಂತಳು.