ಖುಷಿಗೆ ಇಟ್ಟ ರೊಕ್ಕ

“ರೀ, ನಿಲ್ಲಿಸ್ರಿ ಗಾಡಿ! ನಿಮ್ಮ ರೊಕ್ಕ ಬಿಟ್ಟು ಬಂದೀರಿ!”

ಹಗರಿಬೊಮ್ಮನಹಳ್ಳಿ ಬಸ್ ನಿಲ್ದಾಣದ ಎದುರು ಹೊರಟು ನಿಂತಿದ್ದ ಹೂವಿನ ಟೆಂಪೋದ ಬಾಗಿಲು ಬಡಿಯುತ್ತ ರೋಜಾ ಕೂಗಿದಳು. ಹೋಟೆಲಿನಿಂದ ಓಡಿ ಬಂದ ಏದುಸಿರು. ಮುಷ್ಟಿಯಲ್ಲಿ ಮುದುಡಿದ ಐವತ್ತರ ನೋಟು.

ಡ್ರೈವರ್ ಮೈಲಾರೇಶ್ ನಕ್ಕ. “ಬಿಟ್ಟು ಬಂದಿಲ್ರಿ. ಊಟ ಬಡಿಸಿದ್ರಲ್ಲ, ನಿಮಗಂತ ಖುಷಿಗೆ ಇಟ್ಟೀನಿ.”

“ನಿಮ್ಮ ಖುಷಿ ತಗೊಂಡು ನಾನೇನ್ ಮಾಡ್ಲಿ? ಟಿಪ್ಸ್ ಬರ್ತಾವಲ್ಲ ಅಂತ ನಮ್ಮ ಸಾವ್ಕಾರ್ರು ಪಗಾರ ಏರ್ಸಂಗಿಲ್ಲ. ನೀವೆಲ್ಲ ದಾನಶೂರರು, ನಾವು ಕೈಯೊಡ್ಡೋರು! ಅಷ್ಟು ಖುಷಿ ಆಗಿದ್ರ ಹೋಗಿ ಅವರಿಗೆ ಹೇಳ್ರಿ, ಈಕಿಗೆ ಪಗಾರ ಏರ್ಸ್ರಿ ಅಂತ!”

ನೋಟು ಅವನ ತೊಡೆಯ ಮೇಲೆ ಬಿತ್ತು. ರೋಜಾ ತಿರುಗಿಯೂ ನೋಡಲಿಲ್ಲ.

ಇವರಿಬ್ಬರ ಮೊದಲ ಮಾತು ಇದು! ಇದರಲ್ಲಿ ಪ್ರೀತಿ ಎಲ್ಲಿದೆ ಎಂದು ಕೇಳಬೇಡಿ. ರೋಜಾಳ ಸಿಟ್ಟು ಮೂಗಿನ ತುದಿಯಲ್ಲೇ ಇತ್ತು ನಿಜ, ಆದರೆ ಸುಮ್ಮನೆ ಬಂದು ಕುಳಿತದ್ದಲ್ಲ. ಇಪ್ಪತ್ತು ರೂಪಾಯಿ ಇಟ್ಟು ಬೆರಳು ಸವರಿ ಹೋಗುವವರನ್ನು ಅವಳು ಕಂಡಿದ್ದಳು. ಹತ್ತು ರೂಪಾಯಿಗೆ ಫೋನ್ ನಂಬರ್ ಕೇಳಿದ ಮಹಾಶಯನೂ ಇದ್ದ. ಸಾವ್ಕಾರ್ ಬೆನಕಪ್ಪನಂತೂ ಪಗಾರದ ಮಾತೆತ್ತಿದರೆ ಗಲ್ಲಾದ ಮೇಲಿನ ಟಿಪ್ಸ್ ಡಬ್ಬಿ ತೋರಿಸಿ ಸುಮ್ಮನಾಗುತ್ತಿದ್ದ.

ಮರುದಿನ ಮೈಲಾರೇಶ್ ಮತ್ತೆ ಊಟಕ್ಕೆ ಬಂದ. ಟಿಪ್ಸ್ ಇಡಲಿಲ್ಲ. ಬಿಲ್ ಕೊಡುವಾಗ ಗಲ್ಲಾದ ಮುಂದೆ ನಿಂತು, ಇಡೀ ಹೋಟೆಲಿಗೆ ಕೇಳುವಂತೆ ಹೇಳಿದ.

“ಸಾವ್ಕಾರ್ರ, ಬಡಿಸೋ ಹುಡುಗಿಗೆ ಪಗಾರ ಏರ್ಸ್ರಿ!”

“ನಿನ್ನ ಹೂವಿನ ಬಾಡಿಗಿ ನೀ ನೋಡ್ಕೊಳ್ಳೋ ಮಾರಾಯಾ!” ಎಂದ ಬೆನಕಪ್ಪ.

ಅದರ ಮರುದಿನವೂ ಅದೇ ಮಾತು. ಆಮೇಲೆ ದಿನಾಲೂ! ಹಡಗಲಿಯಿಂದ ಮಲ್ಲಿಗೆ ಹೇರಿಕೊಂಡು ಬರುವುದು, ಉಣ್ಣುವುದು, ಬೆನಕಪ್ಪನ ಬಾಯಲ್ಲಿ ಬೈಸಿಕೊಂಡು ಹೋಗುವುದು. ಪಗಾರ ಏರಲಿಲ್ಲ. ರೋಜಾಳ ಮನಸ್ಸು ಮಾತ್ರ ಕರಗಿತು.

‘ಇವ ಅವರಂಗಲ್ಲ... ನನ್ನ ಮಾತು ಕಿವಿಗೆ ಹಾಕ್ಕೊಂಡವ ಇವನೊಬ್ಬನ.’

ಟೆಂಪೋದ ಹಾರ್ನ್ ಕೇಳಿದರೆ ಸಾಕು, ಅವಳ ಕೈ ತಾನಾಗಿ ಕೂದಲು ಸರಿಪಡಿಸುತ್ತಿತ್ತು. ಅವನಿಗೂ ಒಳಗೊಳಗೇ ಅದೇ ಕಥೆ. ಆದರೆ ಇಬ್ಬರೂ ಬಾಯಿಬಿಡಲಿಲ್ಲ.

ಒಂದು ಸೋಮವಾರ ಮೈಲಾರೇಶ್ ತಾಯಿ ಸುಂಕಮ್ಮನನ್ನು ಕರೆದುಕೊಂಡು ಬಂದ. ರೋಜಾ ಓಡಿ ಹೋಗಿ ಟೇಬಲ್ ಒರೆಸಿದಳು. ಬಿಸಿ ಬಿಸಿ ರೊಟ್ಟಿಯನ್ನೇ ಆರಿಸಿ ತಂದಳು. ಶೇಂಗಾ ಚಟ್ನಿ ಎರಡು ಸಲ ಬಡಿಸಿದಳು.

“ಯಾವೂರವ್ವ ನಿಂದು?” ಸುಂಕಮ್ಮ ಕೇಳಿದಳು.

“ಉಚ್ಚಂಗಿದುರ್ಗ ರೀ.”

“ಚಲೋ ಬಡಸ್ತೀ. ಕೈ ಸಣ್ಣದಿಲ್ಲ ನಿಂದು.”

ಊಟ ಮುಗಿಯಿತು. ಮೈಲಾರೇಶ್ ಕೈ ತೊಳೆಯಲು ಎದ್ದು ಹೋದ. ರೋಜಾ ಎಂದಿನಂತೆ ಸಣ್ಣ ತಟ್ಟೆಯಲ್ಲಿ ಸೋಂಪು ಹಾಕಿ, ಬಿಲ್ ಇಟ್ಟು ತಂದಳು. ಸುಂಕಮ್ಮ ಸೊಂಟದ ಚೀಲ ಬಿಚ್ಚಿ, ನೂರರ ನೋಟು ತೆಗೆದು ಸೋಂಪಿನ ಮೇಲಿಟ್ಟಳು. ಅದರ ಮೇಲೊಂದು ರೂಪಾಯಿ ನಾಣ್ಯ.

“ಇದು ಬಿಲ್ಲಿಗಲ್ಲವ್ವ, ನಿನಗ. ತಗೋ.”

ಪಕ್ಕದ ಟೇಬಲ್ಲಿನವನೊಬ್ಬ ಹಲ್ಲು ಕಿರಿದ. “ಏನವ್ವ ರೋಜಾ, ಇವತ್ತು ಟಿಪ್ಸ್ ಜೋರೈತಿ! ಮ್ಯಾಲ ಚಿಲ್ಲರಿ ಬ್ಯಾರೆ!”

ರೋಜಾಳ ಮೈಯೆಲ್ಲ ಉರಿದುಹೋಯಿತು. ಒಂದು ರೂಪಾಯಿ... ಗುಡಿಯ ಮುಂದೆ ಕೂತವರಿಗೆ ಎಸೆಯುವಂಥ ಒಂದು ರೂಪಾಯಿ! ಮನೆಯಲ್ಲಿ ಇವನು ತನ್ನ ಬಗ್ಗೆ ಹೇಳಿರುವುದು ಇಷ್ಟೇ ಏನು? ಬಡಿಸುವವಳು, ಕೈಗೆ ಏನಾದರೂ ಹಾಕು ಎಂದೇ?

ನೋಟು ನಾಣ್ಯ ಎರಡನ್ನೂ ಬಾಚಿಕೊಂಡು ಸೀದಾ ಗಲ್ಲಾಕ್ಕೆ ನಡೆದು, ಟಿಪ್ಸ್ ಡಬ್ಬಿಯಲ್ಲಿ ಹಾಕಿಬಿಟ್ಟಳು.

“ಇದು ಮುಸುರಿ ತೊಳಿಯೋರಿಗೆ ಸೇರ್ಲಿ. ನನಗ ಬ್ಯಾಡ!”

ಸುಂಕಮ್ಮನ ಮುಖ ಬಾಡಿತು. ಎದ್ದು ಹೊರಗೆ ಹೋದಳು. ಒದ್ದೆ ಕೈಯಲ್ಲೇ ನಿಂತು ನೋಡುತ್ತಿದ್ದ ಮೈಲಾರೇಶ್ ಕೇಳಿದ.

“ರೋಜಾ... ಬ್ಯಾಡ ಅಂದ್ರಾ?”

“ಅಂದೆ! ಸಾವಿರ ಸಲ ಅಂತೀನಿ!”

ಅವನು ಬಿಲ್ ಕೊಟ್ಟು ಹೊರಟುಹೋದ. ಅಂದು ಬೆನಕಪ್ಪನಿಗೆ ಪಗಾರದ ಮಾತು ಹೇಳಲಿಲ್ಲ.

ಮತ್ತೆ ಅವನು ಬರಲಿಲ್ಲ. ಟೆಂಪೋ ಹೋಟೆಲಿನ ಮುಂದೆಯೇ ಹಾದು ಹೋಗುತ್ತಿತ್ತು, ನಿಲ್ಲುತ್ತಿರಲಿಲ್ಲ. ‘ಹೋದ್ರ ಹೋಗ್ಲಿ!’ ಎನ್ನುತ್ತಿದ್ದ ರೋಜಾ, ಹಿತ್ತಲಿಗೆ ಹೋಗಿ ಅಳುತ್ತಿದ್ದಳು.

ರೊಟ್ಟಿ ಬಡಿಯುವ ತಿಪ್ಪೇರುದ್ರಮ್ಮ ಅದನ್ನು ಕಂಡು ಬಿಡದೆ ಬಾಯಿ ಬಿಡಿಸಿದಳು. ಎಲ್ಲ ಕೇಳಿ ಹಣೆ ಹಣೆ ಬಡಿದುಕೊಂಡಳು.

“ಅಯ್ಯ ನಿನ್ನ! ಟಿಪ್ಸಿಗೆ ಯಾರರ ನೂರಾ ಒಂದು ಇಡ್ತಾರೇನ? ಹೆಣ್ಣು ನೋಡಾಕ ಬಂದೋರು, ಹುಡುಗಿ ಒಪ್ಪಿಗಿ ಆದ್ರ ಆಕಿ ತಂದ ತಟ್ಟಿಗೆ ಇಡೋ ರೊಕ್ಕ ಅದು. ನೀನು ನೋಡಿದ್ರ ಡಬ್ಬಿಗೆ ಹಾಕಿದಿ! ಸಂಬಂಧ ಬ್ಯಾಡ ಅಂತ ಮಾರಿಗೆ ಹೊಡದಂಗ ಆಗೇತಿ ಅವರಿಗೆ.”

ರೋಜಾ ದಂಗಾಗಿ ನಿಂತಳು. ಊರಲ್ಲಿ ಎಷ್ಟೋ ಮನೆಗಳಲ್ಲಿ ಈ ಶಾಸ್ತ್ರ ಕಂಡಿದ್ದಳು. ಹೋಟೆಲಿನ ಎಂಜಲು ಟೇಬಲ್ಲಿನ ಮುಂದೆ ಅದು ತನಗೇ ನಡೆಯುತ್ತದೆಂದು ಕನಸಿನಲ್ಲಾದರೂ ಎಣಿಸುವುದುಂಟೇ? ಕಣ್ಣು ತುಂಬಿತು. ಹಿಂದೆಯೇ ಮೊದಲಿಗಿಂತ ದೊಡ್ಡ ಸಿಟ್ಟು ಬಂತು.

ಬೆಳಗಿನ ಬಸ್ ಹತ್ತಿ ಹಡಗಲಿಯ ಹೂವಿನ ಮಾರ್ಕೆಟ್ಟಿಗೇ ಹೋದಳು. ಮೈಲಾರೇಶ್ ಟೆಂಪೋಕ್ಕೆ ಬುಟ್ಟಿ ಏರಿಸುತ್ತಿದ್ದ. ಪಕ್ಕದಲ್ಲೇ ಸುಂಕಮ್ಮ ಮಲ್ಲಿಗೆ ಕಟ್ಟುತ್ತ ಕುಳಿತಿದ್ದಳು.

“ಹೆಣ್ಣು ನೋಡೋದು ಹಂಗಾ?” ರೋಜಾ ಕಿರುಚಿದಳು. “ಒಂದು ಮಾತು ಹೇಳಾಕ ಬಾಯಿ ಇರಲಿಲ್ಲಾ ನಿನಗ? ಅಷ್ಟು ಮಂದಿ ಮುಂದ ರೊಕ್ಕ ಇಟ್ರ ನಾನು ಏನಂತ ತಿಳಿಬೇಕು? ನೀನೂ ಅವರಂಗನ ಅಂದ್ಕೊಂಡು ಎಷ್ಟು ಅತ್ತೀನಿ ಗೊತ್ತೈತಾ?”

ಸಿಟ್ಟಿನಲ್ಲಿ ‘ನೀವು’ ಎಂಬುದು ‘ನೀನು’ ಆಗಿತ್ತು. ಅವಳಿಗೆ ಅದರ ಅರಿವೂ ಇರಲಿಲ್ಲ.

ಮೈಲಾರೇಶನ ಕೈಯ ಬುಟ್ಟಿ ಕೆಳಗಿಳಿಯಿತು. “ಹೆದರಿಕಿ ಆತು ರೋಜಾ... ಮೊದಲು ಅವ್ವ ನೋಡಿ ಒಪ್ಲಿ, ಆಮ್ಯಾಲ ಹೇಳೋಣ ಅಂತ...”

“ಅವ್ವ ಒಪ್ಪಿದ ಮ್ಯಾಲ! ನನ್ನ ಒಪ್ಪಿಗಿ ಯಾವಾಗ ಕೇಳಾವಿದ್ದಿ? ತಾಳಿ ಕಟ್ಟಿದ ಮ್ಯಾಲಾ?”

ಸುಂಕಮ್ಮ ದಡಕ್ಕನೆ ಎದ್ದು, ಕೈಯಲ್ಲಿದ್ದ ಹಸಿ ಬಟ್ಟೆಯಿಂದ ಮಗನ ಬೆನ್ನಿಗೆ ಒಂದು ಬಾರಿಸಿದಳು.

“ಲೇ ಮುಠ್ಠಾಳ! ಹುಡುಗಿಗೆ ಹೇಳೀನಿ ಅಂದಿದ್ದಿಯಲ್ಲಲೇ ನನಗ! ನಾನು ಸುಮ್ ಸುಮ್ನ ಈಕಿಗೆ ಸೊಕ್ಕು ಅಂತ ಬೈದೆನಲ್ಲೋ!”

ಆಮೇಲೆ ರೋಜಾಳತ್ತ ತಿರುಗಿ, ಅವಸರದಲ್ಲಿ ಸೊಂಟದ ಚೀಲಕ್ಕೆ ಕೈ ಹಾಕಿದಳು. ರೋಜಾ ಆ ಕೈ ಹಿಡಿದುಕೊಂಡಳು.

“ಬ್ಯಾಡ್ರಿ ಅತ್ತಿ. ನನಗ ಏನೂ ಕೊಡಬ್ಯಾಡ್ರಿ... ಕೇಳು ಅಂತ ಹೇಳ್ರಿ ನಿಮ್ಮ ಮಗಗ.”

ಅತ್ತಿ! ಆ ಮಾತು ಕೇಳಿದ್ದೇ ಸುಂಕಮ್ಮನ ಮುಖ ಅರಳಿತು. ಮಗನನ್ನು ಮುಂದಕ್ಕೆ ನೂಕಿ ಹೂವಿನ ಮುಂದೆ ಹೋಗಿ ಕುಳಿತಳು, ಕಿವಿ ಮಾತ್ರ ಇತ್ತಲೇ ಇತ್ತು.

ಮೈಲಾರೇಶ್ ಹತ್ತಿರ ಬಂದ. ಅವನ ಕಣ್ಣೂ ಒದ್ದೆಯಾಗಿತ್ತು.

“ರೋಜಾ... ನೀ ಬೈದ ದಿನದಿಂದ ನನ್ನ ಜೀವ ನಿನ್ನ ಹತ್ರನ ಐತಿ. ನನ್ನ ಮದುವಿ ಆಗ್ತೀಯಾ?”

ಅವಳು ಸೆರಗಿನಿಂದ ಮೂಗು ಒರೆಸಿಕೊಂಡಳು.

“ನನ್ನ ಸಿಟ್ಟು ಇನ್ನೂ ಇಳಿದಿಲ್ಲ.”

“ಇಳಿಯೋತನ ಕಾಯ್ತೀನಿ.”

“ಅದು ಇಳಿಯಂಗಿಲ್ಲ! ಹುಟ್ಟಿದಾಗಿಂದ ಐತಿ.”

“ಹಂಗಾದ್ರ,” ಎಂದ ಅವನು, “ಸಿಟ್ಟಿನ ಸಮೇತ ಬಾ.”

ರೋಜಾ ಅವನ ಎದೆಗೊಂದು ಗುದ್ದಿದಳು. ಗುದ್ದಿದ ಕೈ ಅಲ್ಲೇ ನಿಂತಿತು.

“ಬರ್ತೀನಿ...”