ಅವಳ ಕೈಯದಲ್ಲದ ತೇಪೆ

ಹಾಯಿಗೆ ತೇಪೆ ಹಾಕುವ ಹಕ್ಕು ಯಾರದೆಂಬುದು ಹಗುರವಾಗಿ ತೆಗೆದುಕೊಳ್ಳುವ ವಿಷಯವಲ್ಲ. ಇದಕ್ಕಿಂತ ಸಣ್ಣ ಕಾರಣಗಳಿಗೆ ರಾಜ್ಯ ರಾಜ್ಯಗಳೇ ಕಾದಾಡಿವೆ.

ಹಳೇ ಹಾಯಿದೋಣಿಗಳ ಕೂಟದ ಮೊದಲ ಸಂಜೆ. ದೋಣಿಗಳನ್ನು ಕಟ್ಟಿಹಾಕಿ, ಜನ ದಡದ ದೊಡ್ಡ ಶೆಡ್ಡಿನಲ್ಲಿ ಊಟಕ್ಕೆ, ಹಾಡಿಗೆ ಸೇರಿದ್ದರು. ಹಾಯಿ ಹೊಲಿಯುವವಳು ಮಾತ್ರ ಬಾಗಿಲಲ್ಲೇ ನಿಂತು ಹೊರಗೆ ಕೆಕ್ಕರಿಸಿ ನೋಡುತ್ತಿದ್ದಳು. ಒಣಗಲು ಬಿಚ್ಚಿಟ್ಟ ಕಂದು ಹಾಯಿಯೊಂದರಲ್ಲಿ ತೇಪೆಯಿತ್ತು. ಅದು ಅವಳ ಕೈಯದಲ್ಲ.

ಆ ಹಾಯಿಯ ದೋಣಿಯವನನ್ನು ಎಲ್ಲರೂ ಮೌನಿ ಎನ್ನುತ್ತಿದ್ದರು. ಪ್ರತಿ ವರ್ಷ ಕೂಟಕ್ಕೆ ಮೊದಲು ಅವನು ಹರಿದ ಹಾಯಿ ಹೊತ್ತು ಅವಳ ಅಂಗಡಿಗೆ ಬರುತ್ತಿದ್ದ. ಹೊಲಿಗೆ ನೋಡುವ ನೆಪದಲ್ಲಿ ಅವಳ ಬೆರಳುಗಳನ್ನು ನೋಡುತ್ತ ಕೂರುತ್ತಿದ್ದ. ಈ ವರ್ಷ ಬರಲಿಲ್ಲ. ಅವಳು ಕಿಟಕಿಗೆ ಹೊಸ ಪರದೆ ಹಾಕಿ ಕಾದು ಕಾದು, ಕೊನೆಗೆ ಆ ಪರದೆಯನ್ನೇ ಬೈದಿದ್ದಳು.

"ಹೋಗಿ ಕೇಳೇ," ಎಂದರು ಪಕ್ಕದಲ್ಲಿದ್ದ ಅವಳ ಚಿಕ್ಕಮ್ಮ. "ಹೀಗೇ ನೋಡ್ತಿದ್ರೆ ಹಾಯಿ ಸುಟ್ಟುಹೋಗತ್ತೆ."

ಅವಳು ಹೋಗಿ ಅವನ ಬೆಂಚಿನ ಮುಂದೆ ನಿಂತಳು.

"ಯಾರ ಹತ್ರ ಹೊಲಿಸಿದ್ರಿ?"

ಅವನ ಚಮಚ ಅರ್ಧದಲ್ಲೇ ನಿಂತಿತು. "ನಾನೇ ಹೊಲಿದೆ."

"ಗೋಣಿಚೀಲ ಅಂದ್ಕೊಂಡ್ರಾ? ನಮ್ಮಂಗಡಿಗೆ ಏನಾಗಿತ್ತು?"

"ನೀವು ಮದುವೆಯಾಗಿ ಹೋಗ್ತೀರಿ ಅಂತ ಹಗ್ಗದಂಗಡಿಯವರು ಹೇಳಿದ್ರು."

"ಅಯ್ಯೋ, ಮದುವೆ ನಮ್ಮ ತಂಗೀದು ಕಣ್ರೀ!"

ಮೌನಿಯ ಮುಖದಲ್ಲಿ ಮೂಡಿದ ನಗು ಅವನ ಗಡ್ಡಕ್ಕೂ ಹೊಸದು. ಅವಳಿಗೂ ನಗು ಬಂತು; ಆದರೆ ಅವನನ್ನು ಅಷ್ಟಕ್ಕೇ ಬಿಡಲಿಲ್ಲ.

"ಗಾಳಿಗೆ ಹರಿದ ಬಟ್ಟೆ ಎಳೆ ಎಳೆಯಾಗಿ ಬಿಟ್ಟಿರತ್ತೆ. ನಿಮ್ಮದು ಪ್ರತಿ ವರ್ಷ ಗೆರೆ ಎಳೆದ ಹಾಗೆ ನೆಟ್ಟಗೆ ಹರೀತಿತ್ತಲ್ಲ?"

ಅವನ ಕಿವಿಗಳು ಕೆಂಪಾದವು. "ಚಾಕು... ನಿಮಗೆ ಗೊತ್ತಿತ್ತಾ?"

"ಮೊದಲನೇ ಸಲವೇ."

"ಮತ್ತೆ ಹೇಳಲಿಲ್ಲ?"

"ಹೇಳಿದ್ರೆ ಹರಿಯೋದು ನಿಲ್ಲಿಸ್ತಿದ್ರಿ."

ಪಕ್ಕದ ಬೆಂಚಿನಲ್ಲಿ ಯಾರೋ ಕೆಮ್ಮಿದರು. ಚಿಕ್ಕಮ್ಮನೇ, ತಟ್ಟೆ ಸಮೇತ ಅಷ್ಟು ಹತ್ತಿರ ಬಂದಾಗಿತ್ತು.

"ಹಾಗಾದ್ರೆ ಈ ವರ್ಷ ಯಾಕೆ ಹರೀತು?" ಎಂದು ಅವಳು ಮತ್ತೆ ಕೇಳಿದಳು.

"ಕೊಯ್ದ ಮೇಲೆ ಸುದ್ದಿ ಬಂತು," ಎಂದ ಅವನು, ತೀರಾ ದೀನನಾಗಿ.

ಅವಳು ಹೊಟ್ಟೆ ಹಿಡಿದುಕೊಂಡು ನಕ್ಕಳು. ನಗುತ್ತಲೇ ಅವನ ಪಕ್ಕ ಕೂತಳು. "ಒಂದು ತಾಸಿನ ಕೆಲಸಕ್ಕೆ ನಾನು ವಾರಗಟ್ಟಲೆ ಹಾಯಿ ಇಟ್ಕೋತಿದ್ದೆ. ಯಾಕೆ ಅಂದ್ಕೊಂಡ್ರಿ?"

"ಕೆಲಸ ಜಾಸ್ತಿ ಅಂದ್ಕೊಂಡೆ."

"ಪೆದ್ದ," ಎಂದಳು ಮೆಲ್ಲಗೆ, ಬಹುವಚನವನ್ನು ಅಲ್ಲಿಗೇ ಕೈಬಿಟ್ಟು.

ಮೌನಿ ಚಮಚ ಕೆಳಗಿಟ್ಟ. "ನನ್ನ ಮದುವೆಯಾಗ್ತೀಯಾ?"

"ಕೇಳೋಕೆ ಇಷ್ಟು ಬಟ್ಟೆ ಹಾಳು ಮಾಡಬೇಕಿತ್ತಾ? ಆಗ್ತೀನಿ."

ಬೇಸಿಗೆ ಮುಗಿಯುವುದರೊಳಗೆ ಅವರ ಮದುವೆಯಾಯಿತು.