ಬಲಗಡೆಯ ಜಾಗ

ಅತ್ತೆಯ ಕೋಣೆಯ ಬಾಗಿಲು ಮುಚ್ಚಿ ಒಂದು ಗಂಟೆಯಾಗಿತ್ತು! ಅಡುಗೆಮನೆಯಲ್ಲಿ ಹಿರಿಯ ಸೊಸೆ ಮಿಸ್ಬಾ ಹೆಚ್ಚಿದ ಈರುಳ್ಳಿಯನ್ನೇ ಮತ್ತೆ ಹೆಚ್ಚುತ್ತಿದ್ದಳು. ಒಳಗೆ ಅತ್ತೆ ವಜೀರುನ್ನೀಸಾ ಅಳುತ್ತಾ ಏನೋ ಹೇಳುತ್ತಿದ್ದರು, ಕಿರಿಯ ಸೊಸೆ ಸನಾ ಬರೆದುಕೊಳ್ಳುತ್ತಿದ್ದಳು. ಹದಿನಾಲ್ಕು ವರ್ಷ ಈ ಮನೆಗಾಗಿ ದುಡಿದ ತನ್ನೆದುರು ಅತ್ತೆ ಒಂದು ದಿನವೂ ಹೀಗೆ ಮನಸ್ಸು ಬಿಚ್ಚಿರಲಿಲ್ಲ... ನಿನ್ನೆ ಮೊನ್ನೆ ಬಂದವಳಿಗೆ ಆ ಭಾಗ್ಯ!

ಅಲೀಪುರದ ಆ ಬೀದಿಯ ಹೆಂಗಸರ ಮೊಹರಂ ಸಭೆಯಾದ ಮಜ್ಲಿಸ್‌ನಲ್ಲಿ ಕರ್ಬಲಾದ ಶೋಕಗೀತೆ ನೌಹಾವನ್ನು ಎತ್ತಿಕೊಡುವವರು ವಜೀರುನ್ನೀಸಾ. ಅವರ ಬಲಕ್ಕೆ ಕೂತು ಮರುದನಿ ಕೊಡುವವಳು ಮಿಸ್ಬಾ. ಅತ್ತೆಯ ಗಂಟಲು ಸೋತ ಮೇಲೆ ಆ ಮುಖ್ಯ ಜಾಗ ತನ್ನದೇ ಎಂದು ಅವಳು ನಂಬಿಕೊಂಡಿದ್ದಳು. ಅಷ್ಟರಲ್ಲಿ ಸನಾ ಧಾರ್ಮಿಕ ಅಧ್ಯಯನದಲ್ಲಿ ಎಂ.ಎ.ಗೆ ಸೇರಿದಳು. ಪಾಠಕ್ಕಿಂತ ಸಂಶೋಧನೆಯೇ ಹೆಚ್ಚಿರುವ ಓದು. ಅವಳ ಪ್ರಬಂಧದ ವಿಷಯವೇ ಈ ನೌಹಾ. ಶ್ರುತಿ ಎಂದರೇನೆಂದು ತಿಳಿಯದವಳು ಅತ್ತೆಯ ಕಣ್ಣಿಗೆ ಪಂಡಿತೆಯಾಗಿಬಿಟ್ಟಳಲ್ಲ ಎಂದು ಮಿಸ್ಬಾಳ ಹೊಟ್ಟೆ ಉರಿಯಿತು. ಸನಾ ಬರೆದುಕೊಂಡು ಅತ್ತೆಯ ಸಹಿ ಹಾಕಿಸಿದ್ದ ಹಾಳೆಗಳ ಕವರನ್ನು ಆ ಸಂಜೆಯೇ ಅಕ್ಕಿ ಡಬ್ಬದ ತಳಕ್ಕೆ ತುರುಕಿದಳು.

ಸನಾ ಮನೆಯೆಲ್ಲ ತಡಕಾಡಿದಳು. ಮತ್ತೊಮ್ಮೆ ಹೇಳಿ ಎಂದು ಅತ್ತೆಯನ್ನು ಬೇಡಿಕೊಂಡಳು. ಒಂದು ಸಲ ಅತ್ತು ಹೇಳಿದ್ದನ್ನು ಇನ್ನೊಂದು ಸಲ ಹೇಳಲಾರೆ ಎಂದರು ಅವರು. ಮಂಗಳವಾರದೊಳಗೆ ಸಹಿ ಇರುವ ಹಾಳೆಗಳು ಬರದಿದ್ದರೆ ಈ ವರ್ಷ ಪದವಿಯ ಆಸೆ ಬಿಡಮ್ಮ ಎಂದು ಮಾರ್ಗದರ್ಶಕರು ಫೋನಿನಲ್ಲೇ ಹೇಳಿಬಿಟ್ಟರು. ಸನಾ ಊಟ ಬಿಟ್ಟಳು. ಮಿಸ್ಬಾಳಿಗೆ ಖುಷಿಯಾಗಬೇಕಿತ್ತು, ಯಾಕೋ ಆಗಲಿಲ್ಲ.

ಅಂಥದ್ದೇನು ಹೇಳಿದ್ದಾರೋ ನೋಡೇಬಿಡೋಣ ಎಂದು ಸೋಮವಾರ ಬೆಳಿಗ್ಗೆ ಕವರ್ ತೆರೆದಳು. ಕೊನೆಯ ಹಾಳೆಯಲ್ಲಿ ಸನಾಳ ಪ್ರಶ್ನೆಯಿತ್ತು: ನಿಮ್ಮ ನಂತರ ಯಾರು? ಕೆಳಗೆ ಅತ್ತೆಯ ಮಾತು ಆಡಿದ ಹಾಗೇ ಇತ್ತು.

"ಮಿಸ್ಬಾ. ಅವಳ ದನಿ ನನ್ನದಕ್ಕಿಂತ ಚೆನ್ನಾಗಿದೆ. ಅದನ್ನ ಅವಳ ಮುಂದೆ ಹೇಳೋಕೆ ಹದಿನಾಲ್ಕು ವರ್ಷದಿಂದ ನನ್ನ ಹೊಟ್ಟೆಕಿಚ್ಚು ಬಿಡ್ತಿಲ್ಲ."

ಮಿಸ್ಬಾ ಅಕ್ಕಿ ಡಬ್ಬವನ್ನು ತಬ್ಬಿಕೊಂಡು ಬಿಕ್ಕಿ ಬಿಕ್ಕಿ ಅತ್ತಳು... ಆಮೇಲೆ ಎದ್ದು ಹೋಗಿ ಕವರನ್ನು ಸನಾಳ ಮಡಿಲಲ್ಲಿಟ್ಟಳು.

"ನಾನೇ ಬಚ್ಚಿಟ್ಟಿದ್ದೆ ಕಣೇ."

ಸನಾ ಹಾಳೆಗಳನ್ನು ಒಂದೊಂದಾಗಿ ಎಣಿಸಿ ಮತ್ತೆ ಕವರಿಗೆ ಹಾಕಿದಳು. "ಕೇಳಿದ್ರೆ ನಾನೇ ಓದಿ ಹೇಳ್ತಿದ್ದೆ ಭಾಬಿ," ಎಂದಷ್ಟೇ ಹೇಳಿ, ಹಾಳೆಗಳನ್ನು ಒಪ್ಪಿಸಲು ಗೌರಿಬಿದನೂರಿನ ಬಸ್ಸಿಗೆ ಹೊರಟಳು. ಪದವಿ ಉಳಿಯಿತು. ಆದರೆ ಓರಗಿತ್ತಿಯರ ನಡುವೆ ಮಾತು ನಿಂತುಹೋಯಿತು.

ಮೊಹರಂ ಬಂತು. ಮೊದಲ ಮಜ್ಲಿಸ್‌ನಲ್ಲಿ ವಜೀರುನ್ನೀಸಾ ಎಡಕ್ಕೆ ಸರಿದು, ಮಿಸ್ಬಾಳನ್ನು ತಮ್ಮ ಜಾಗಕ್ಕೆ ಎಳೆದು ಕೂರಿಸಿದರು. ಬಯಸಿದ ಜಾಗ ಸಿಕ್ಕಿತ್ತು, ಬಲಗಡೆ ಮಾತ್ರ ಖಾಲಿ. ಮಿಸ್ಬಾ ಮೊದಲ ಸಾಲು ಎತ್ತಿ ಮರುದನಿಗೆ ಕಾದಳು... ಗೋಡೆಗೊರಗಿದ್ದ ಸನಾ ಎದ್ದು ಬಂದು ಅಲ್ಲಿ ಕೂತು ದನಿಗೂಡಿಸಿದಳು. ಶ್ರುತಿ ಪೂರ್ತಿ ತಪ್ಪಿತ್ತು.

ಮಿಸ್ಬಾ ಎರಡನೆಯ ಸಾಲನ್ನು ಆ ತಪ್ಪು ಶ್ರುತಿಯಲ್ಲೇ ಎತ್ತಿದಳು.